ಕೊಟ್ಟಿಗೆ ಮಣ್ಣಿನ ಲಂಗ

ಬರೀ ಬಂಡೆಯೇ ತುಂಬಿರುವ ನಮ್ಮ ಗುಡ್ಡದಲ್ಲಿ ಕಪ್ಪು ಮಣ್ಣು ಕಂಡರೆ ಜನ ಬಾಯಿ ಬಾಯಿ ಬಿಡುತ್ತಾರೆ. ಕಣಿವೆಯಿಂದ ಬೆನ್ನಬುಟ್ಟಿಯಲ್ಲಿ ಹೊತ್ತು ತಂದು, ಬಂಡೆಯ ಸಂದಿಗೆ ಬೊಗಸೆ ಬೊಗಸೆಯಾಗಿ ತುಂಬಿ, ಅದರಲ್ಲಿ ನಾಲ್ಕು ಕಾಳು ಮೆಕ್ಕೆಜೋಳ ಊರಿ, ಮಳೆಗೆ ಕೊಚ್ಚಿ ಹೋಗದಿರಲೆಂದು ಸುತ್ತ ಕಲ್ಲು ಜೋಡಿಸುವವರು ನಾವು. ಅಂಥ ಊರಿನಲ್ಲಿ ಆ ವರ್ಷ ಮೂರನೇ ತಿಂಗಳ ಕೊನೆಗೆ ಶುವಾ ಎಂಬ ಹೆಂಗಸು ರಸ್ತೆ ಕಡಿದ ಜಾಗದಿಂದ ಕೆಲಸಕ್ಕೆ ಬಾರದ ಕೆಂಪು ಗರಸನ್ನು ಬುಟ್ಟಿಗಟ್ಟಲೆ ಹೊತ್ತು, ತನ್ನ ಗುಡಿಸಲ ಪಕ್ಕದ ಒಳ್ಳೇ ಕಪ್ಪು ಮಣ್ಣಿಗೆ ತಂದು ಸುರಿಯುತ್ತಿದ್ದಳು.

ನೀರಿನ ತೊಟ್ಟಿಯ ಬಳಿ ಕೊಡ ಹಿಡಿದು ನಿಂತ ಹೆಂಗಸರಿಗೆ ಅದಕ್ಕಿಂತ ಬೇರೆ ತಮಾಷೆ ಬೇಕಿತ್ತೇ?

“ನೋಡ್ರೇ, ನೋಡ್ರೇ! ಬೆಂದಿರೋ ಹಿಟ್ಟಿಗೆ ಕಲ್ಲು ಬೆರೆಸೋಕೆ ಹೊರಟಿದಾಳೆ!”

“ಗಂಡ ಕೈ ಬಿಟ್ಟಾಗ್ಲೇ ತಲೆನೂ ಕೈ ಕೊಟ್ಟಿರ್ಬೇಕು ಬಿಡು.”

“ಶುವಕ್ಕಾ, ಕಲ್ಲು ಬೇಕಾದ್ರೆ ನಮ್ಮ ಹೊಲಕ್ಕೆ ಬಾ. ಎಷ್ಟು ಬೇಕೋ ಅಷ್ಟು ಹೊತ್ಕೊಂಡು ಹೋಗು, ಪುಣ್ಯ ಬರುತ್ತೆ!”

ಶುವಾ ಕಿವಿ ಕೇಳಿಸದವಳ ಹಾಗೆ ಮುಂದೆ ಹೋಗುತ್ತಿದ್ದಳು. ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಆದರೆ ಇಪ್ಪತ್ತೈದು ವರ್ಷ ಹೊಳೆಯಾಚೆ ಬಾಳಿ ಬಂದವಳಿಗೆ, ಮಾತಿಗೆ ಮಾತು ಕೊಟ್ಟು ನಕ್ಕುಬಿಡುವಷ್ಟು ಸಲುಗೆ ಈ ಊರಿನಲ್ಲಿ ಯಾರ ಹತ್ತಿರವೂ ಉಳಿದಿರಲಿಲ್ಲ.

ಹದಿನೆಂಟಕ್ಕೆ ಅವಳನ್ನು ಹೊಳೆಯಾಚೆಯ ಲೀ ಮನೆತನಕ್ಕೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ. ಗಂಡ ಇನ್ನೊಬ್ಬಳನ್ನು ತಂದ. ಅವಳು ಮೂರು ವರ್ಷದಲ್ಲಿ ಎರಡು ಹೆತ್ತಳು. ಶುವಾಳನ್ನು ಯಾರೂ ‘ಹೋಗು’ ಅನ್ನಲಿಲ್ಲ. ಅಷ್ಟರಮಟ್ಟಿಗೆ ಮರ್ಯಾದಸ್ಥರು! ಒಂದು ದಿನ ಹೊಲದಿಂದ ಬಂದು ನೋಡಿದರೆ ಅವಳ ಹಾಸಿಗೆ ಜೋಳದ ಅಟ್ಟಕ್ಕೆ ಏರಿತ್ತು. ಮರುದಿನ ಒಂದು ಗಂಟು ಕಟ್ಟಿಕೊಂಡು ಹೊಳೆ ದಾಟಿ ತವರಿಗೆ ನಡೆದಳು.

ತವರಿಗೆ ಬಂದರೂ ತವರ ಮನೆಯೊಳಗೆ ಇರುವಂತಿಲ್ಲ. ಮದುವೆಯ ದಿನ ಗಂಡನ ಹೊಸ್ತಿಲಲ್ಲಿ ತಲೆಯ ಸುತ್ತ ಹುಂಜ ನಿವಾಳಿಸಿದ ಮೇಲೆ ಹೆಣ್ಣು ತಂದೆಯ ಮನೆಯ ಸತ್ತ ಹಿರೀಕರ ಲೆಕ್ಕದಿಂದ ಹೊರಗೆ. ಅವಳು ಅಲ್ಲಿ ಬಂದು ಕೂರಬಹುದು, ಉಣ್ಣಬಹುದು. ಮಲಗಿ ಅಕಸ್ಮಾತ್ ಪ್ರಾಣ ಬಿಟ್ಟರೆ ಮನೆಗೆ ಕೇಡು. ನಿವಾಳಿಸಿದ ಹುಂಜವನ್ನು ಹಿಂದಕ್ಕೆ ಸುತ್ತಿಸುವ ಶಾಸ್ತ್ರ ಯಾರೂ ಮಾಡಿಟ್ಟಿಲ್ಲ. ತಮ್ಮ ತುವಾ ಒಳ್ಳೆಯವನೇ. ಮನೆಗೆ ಒತ್ತಿದಂತೆ, ಹಳೇ ಕೊಟ್ಟಿಗೆಯ ಪಕ್ಕದಲ್ಲಿ ಹಲಗೆ ಹೊಡೆದು ಅವಳಿಗೊಂದು ಗುಡಿಸಲು ಮಾಡಿಕೊಟ್ಟ. ಗುಡಿಸಲಿಗೂ ಅವ್ವ ಮಲಗುವ ಕೋಣೆಗೂ ನಡುವೆ ಇದ್ದದ್ದು ಒಂದೇ ಹಲಗೆ ಗೋಡೆ. ಆಚೆ ಅವ್ವ ಕೆಮ್ಮಿದರೆ ಈಚೆ ಕೇಳುತ್ತಿತ್ತು. ಬೆಳಗಿನ ಕೆಮ್ಮು ಕೇಳಿದ ಮೇಲೆ ಶುವಾ ಒಲೆ ಹಚ್ಚುವಳು. ಸಂಜೆಯ ಕೆಮ್ಮು ಕೇಳಿ ಒಬ್ಬಳೇ ಉಣ್ಣಲು ಕೂರುವಳು. ಮೂರು ವರ್ಷದಿಂದ ಅವಳ ಜೊತೆಗಾರಿಕೆ ಅಂದರೆ ಅಷ್ಟೇ.

ಆ ಕೆಮ್ಮು ಈ ವರ್ಷ ಇಳಿಯಲೇ ಇಲ್ಲ. ಆಸ್ಪತ್ರೆಯವರು ಎದೆಗೆ ಕೊಳವೆ ಇಟ್ಟು ಕೇಳಿ, “ಬರೋ ಚಳಿಗಾಲ ದಾಟೋದು ಕಷ್ಟ” ಅಂದರು. ಅವ್ವ ಅದಕ್ಕೆ ಹೆದರಲಿಲ್ಲ. ಹೆದರಿದ್ದು ಶುವಾ. ಯಾಕೆಂದರೆ ಅವ್ವನಿಗೆ ಸಾವಿನ ಲಂಗ ಇರಲಿಲ್ಲ.

ಭಂಗಿ ಗಿಡ ಎಂದರೆ ಪೇಟೆಯವರಿಗೆ ಸೇದುವ ಗಾಂಜಾ ನೆನಪಾಗುತ್ತದೆ. ನಮಗೆ ಅದು ಬಟ್ಟೆ. ಬದುಕಿದ್ದಾಗ ಏನು ಬೇಕಾದರೂ ಉಡು, ಕೇಳುವವರಿಲ್ಲ. ಆದರೆ ಹೋಗುವಾಗ ಮೈಮೇಲೆ ಭಂಗಿ ನಾರಿನ ಬಟ್ಟೆ ಇರಬೇಕು. ಇಲ್ಲದಿದ್ದರೆ ಆಚೆಯ ಹಿರೀಕರು ಗುರುತು ಹಿಡಿಯುವುದಿಲ್ಲ, ‘ಯಾರೋ ಪರದೇಶಿ’ ಅಂದುಕೊಂಡು ಬಾಗಿಲು ತೆಗೆಯುವುದಿಲ್ಲ. ಅವ್ವ ತನ್ನ ಪ್ರಾಯದಲ್ಲೇ ಬಿತ್ತಿ, ನೂತು, ನೇಯ್ದು ಒಂದು ಲಂಗ ಎತ್ತಿಟ್ಟುಕೊಂಡಿದ್ದಳು. ಮಗಳ ಮದುವೆಯ ದಿನ ಪೆಟ್ಟಿಗೆಯಲ್ಲಿ ಒಂದು ಲಂಗ ಕಡಿಮೆ ಬಿತ್ತು. ಬೀಗರು ಮೂಗು ಮುರಿದಾರು ಎಂದು ಅವ್ವ ಹಿಂದೆಮುಂದೆ ನೋಡದೆ ಅದನ್ನೇ ತೆಗೆದು ಹಾಕಿದಳು. “ನಂಗೇನೀಗ ಅವಸರ? ಇನ್ನೊಂದು ನೇಯ್ಕೋತೀನಿ,” ಅಂದಿದ್ದಳಂತೆ. ನೇಯಲಿಲ್ಲ. ಬೆರಳು ಸೆಟೆದವು, ಭಂಗಿಯ ಜಾಗಕ್ಕೆ ಜೋಳ ಬಂತು. ಆ ಲಂಗವನ್ನೋ, ಹೊಳೆಯಾಚೆ ಶುವಾಳ ಅತ್ತೆ ಸತ್ತಾಗ ಅವಳಿಗೆ ಉಡಿಸಿ ಮಣ್ಣು ಮಾಡಿದರು. ಅವ್ವ ನೇಯ್ದದ್ದನ್ನು ಉಟ್ಟುಕೊಂಡು ಇನ್ಯಾವಳೋ ಹಿರೀಕರ ಮನೆ ಸೇರಿದಳು. ಚಳಿ ಬರುವುದರೊಳಗೆ ಅವ್ವನಿಗೆ ಒಂದು ಲಂಗ ಆಗಲೇಬೇಕು. ಶುವಾಳಿಗೆ ಬೇರೆ ಯಾವ ಆಸೆಯೂ ಇರಲಿಲ್ಲ.

ಜಾಗ ಸಿಕ್ಕಿದ್ದು ಅದೃಷ್ಟ ಅಂದುಕೊಂಡಿದ್ದಳು. ತುವಾ ರಸ್ತೆಯ ಕೆಳಗೆ ಸಿಮೆಂಟಿನ ಕೊಟ್ಟಿಗೆ ಕಟ್ಟಿಸಿ ದನಗಳನ್ನು ಅಲ್ಲಿಗೆ ಹೊಡೆದ. “ಹಳೇ ಕೊಟ್ಟಿಗೆ ನೆಲ ನೀನೇ ಇಟ್ಕೋ ಅಕ್ಕ,” ಅಂದ. ಮೂವತ್ತು ವರ್ಷ ದನ ಕಟ್ಟಿದ ನೆಲ! ಸಗಣಿ, ಗಂಜಳ, ಕೊಳೆತ ಹುಲ್ಲು ಪದರ ಪದರವಾಗಿ ಕೂತು ಕಪ್ಪಗೆ ಹೊಳೆಯುತ್ತಿತ್ತು. ಮೊಣಕಾಲುದ್ದ ಅಗೆದರೂ ಗುದ್ದಲಿಗೆ ಒಂದು ಕಲ್ಲು ತಗಲಲಿಲ್ಲ. ಶುವಾಳಿಗೆ ಆ ದಿನ ಊಟ ಸೇರಲಿಲ್ಲ, ಅಷ್ಟು ಖುಷಿ. ಸಾಲದೆಂದು ಕೋಳಿಗೂಡು ಬಳಿದು ಹಿಕ್ಕೆಯನ್ನೂ ತಂದು ಮೇಲೆ ಹರವಿದಳು, ಪುಣ್ಯಾತ್ಗಿತ್ತಿ. ಅವ್ವನ ಒಲೆಯ ಮೇಲೆ ತೂಗುತ್ತಿದ್ದ ಸೋರೆಬುರುಡೆಯಿಂದ ಅರ್ಧ ಬೀಜ ತೆಗೆದು ಬಿತ್ತಿದಳು.

ಮೊದಲ ವಾರ ನೋಡಲು ಎರಡು ಕಣ್ಣು ಸಾಲದು. ಎರಡನೇ ವಾರ ಎಲೆ ಕಡುಹಸಿರಾಯಿತು. ಮೂರನೇ ವಾರ ತುದಿಗಳು ಕಂದಿ ಸುಟ್ಟು, ಎಲೆಗಳು ಕೆಳಮುಖವಾಗಿ ಮುದುಡಿದವು. ಅರ್ಧಕ್ಕರ್ಧ ಸತ್ತವು. ಉಳಿದವು ಬೆರಳು ಗಾತ್ರದ ದಂಟು ಬಿಟ್ಟು, ಮೊಣಕಾಲೆತ್ತರಕ್ಕೇ ಕೊಂಬೆ ಒಡೆದು, ಒಂದು ಗಾಳಿಗೆ ಅಡ್ಡ ಬಿದ್ದವು. ಶುವಾ ಅದರ ನಡುವೆ ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟಳು. ಆಮೇಲೆ ಒಂದು ಗಿಡ ಕಿತ್ತು ಅವ್ವನ ಹಾಸಿಗೆಯ ಬಳಿ ಹೋದಳು.

“ಎಲೆ ನೋಡವ್ವ. ಕೋಳಿ ಉಗುರು ಥರ ಮುದುಡ್ಕೊಂಡಿದೆ. ಗೊಬ್ಬರ ಸಾಲ್ದೇನೋ.”

ಅವ್ವನಿಗೆ ಕಣ್ಣು ಅಷ್ಟಕ್ಕಷ್ಟೆ. ಎಲೆಯನ್ನು ತುಟಿಗೆ ತಾಗಿಸಿ ಅಂಚನ್ನು ಸವರಿಕೊಂಡಳು. ಬೇರಿಗೆ ಮೆತ್ತಿದ ಮಣ್ಣು ಮೂಸಿದಳು. ನಗತೊಡಗಿದವಳು ಕೆಮ್ಮು ಬರುವ ತನಕ ನಕ್ಕಳು.

“ಸಾಲ್ದೇ ಇರೋದೇನೇ, ನಿನ್ನ ತಲೆ! ಅಜೀರ್ಣ ಆಗಿದೆ ಇದಕ್ಕೆ. ಮೊಲೆ ಕುಡಿಯೋ ಕೂಸಿಗೆ ಹಬ್ಬದ ಹಂದಿಮಾಂಸ ತಿನ್ಸಿದೀಯ.”

“ಒಳ್ಳೇ ಮಣ್ಣಲ್ವಾ ಅದು?”

“ಜೋಳಕ್ಕೆ ಒಳ್ಳೇದು, ಕುಂಬಳಕ್ಕೆ ಒಳ್ಳೇದು. ಸೇದೋ ಗಿಡ ಬೆಳೆಸೋ ಪುಂಡರಿಗೂ ಒಳ್ಳೇದಿರ್ಬಹುದು, ನಂಗೊತ್ತಿಲ್ಲ. ಬಟ್ಟೆ ಗಿಡಕ್ಕಲ್ಲ ಕಣೇ. ಬಟ್ಟೆ ಗಿಡ ಸ್ವಲ್ಪ ಹಸ್ಕೊಂಡಿರ್ಬೇಕು. ಒಂದಕ್ಕೊಂದು ಒತ್ಕೊಂಡು ನಿಂತಿರ್ಬೇಕು. ಆಗ್ಲೇ ಅದು ಸಣ್ಣಗೆ, ನೆಟ್ಟಗೆ ಹೋಗೋದು. ಕೊಬ್ಬಿದ ಮಣ್ಣಲ್ಲಿ ಕೊಂಬೆ ಒಡೆಯುತ್ತೆ. ಕೊಂಬೆ ಬಂದಲ್ಲೆಲ್ಲ ನಾರು ತುಂಡು.”

“ಈಗೇನ್ಮಾಡ್ಲಿ?”

“ಒಂದು ವರ್ಷ ಹಾಗೇ ಬಿಟ್ರೆ ಮಳೆಗೆ ತಾನೇ ತಣ್ಣಗಾಗುತ್ತೆ.” ಅವ್ವ ಉಸಿರು ಎಳೆದುಕೊಂಡಳು. “ಆದ್ರೆ ನಿಂಗೆ ವರ್ಷ ಎಲ್ಲಿದೆ, ನಂಗೆಲ್ಲಿದೆ?”

ಆಮೇಲೆ ಅವ್ವ ಕೈಯೂರಿ ಎದ್ದು ಕೂತಳು. ಮಣ್ಣಿನ ಮಾತು ಬಂದರೆ ಮುದುಕಿಗೆ ಎಲ್ಲಿಂದಲೋ ತ್ರಾಣ ಬರುತ್ತಿತ್ತು.

“ಹೋಗಿ ಮೂರು ಒಡಕು ಬಟ್ಟಲು ತಗೋ. ರಸ್ತೆ ಕಡಿದಿದಾರಲ್ಲ, ಅಲ್ಲಿನ ಗರಸು ತಂದು ಬೆರೆಸು. ಒಂದರಲ್ಲಿ ಸಮಸಮ. ಇನ್ನೊಂದರಲ್ಲಿ ಕಪ್ಪಿಗೆ ಎರಡು ಪಾಲು ಕೆಂಪು. ಮೂರನೇದಕ್ಕೆ ಮೂರು ಪಾಲು. ಮೂರಕ್ಕೂ ಸಾಸಿವೆ ಉದುರ್ಸು. ವಾರದೊಳಗೆ ಸಾಸಿವೆನೇ ಹೇಳುತ್ತೆ. ಇನ್ನೊಂದು, ಎಲ್ಲಾ ಕಿತ್ತಾಕ್ಬೇಡ. ಮೂಲೇಲಿ ನಾಲ್ಕು ಗಿಡ ಬಿಡು, ದೂರ ದೂರ.”

“ಅಡ್ಡ ಬಿದ್ದಿರೋವು ಯಾಕವ್ವ?”

“ಬೀಜಕ್ಕೆ ಕಣೇ ಪೆದ್ದಿ. ಒತ್ಕೊಂಡು ನಿಂತದ್ದು ಬಟ್ಟೆಗೆ, ಒಂಟಿ ನಿಂತು ಕೊಬ್ಬಿದ್ದು ಬೀಜಕ್ಕೆ. ನಾಲ್ಕರಲ್ಲಿ ಗಂಡು ಯಾವ್ದು ಹೆಣ್ಣು ಯಾವ್ದು ಈಗ್ಲೇ ಗೊತ್ತಾಗಲ್ಲ, ಅದಕ್ಕೇ ನಾಲ್ಕು. ಕೋಲು ಕಟ್ಟಿ ನಿಲ್ಸು.”

ಎಂಟನೇ ದಿನ ಶುವಾ ಮೂರೂ ಬಟ್ಟಲುಗಳನ್ನು ಹಾಸಿಗೆಯ ಬಳಿ ತಂದಿಟ್ಟಳು. ಅವ್ವ ಒಂದೊಂದರ ಸಾಸಿವೆ ಎಲೆಯನ್ನೂ ತುಟಿಗೆ ತಾಗಿಸಿದಳು. ಮೊದಲಿನದು, “ಥೂ, ಸುಟ್ಟಿದೆ.” ಎರಡನೆಯದು, “ಅಂಚು ದಪ್ಪ. ಇನ್ನೂ ಕಾವಿದೆ.” ಮೂರನೆಯದನ್ನು ತಾಗಿಸಿ, ಮಣ್ಣು ಮೂಸಿ, “ಹ್ಞಾ, ಇದು ಮಳೆ ಬಂದ ಕಾಡಿನ ವಾಸನೆ,” ಎಂದು ಸಸಿಯನ್ನು ಕಿತ್ತು ಬಾಯಿಗೇ ಹಾಕಿಕೊಂಡಳು. ಶುವಾಳಿಗೆ ನಗು ಬಂತು. ಎಷ್ಟೋ ತಿಂಗಳ ಮೇಲೆ ಬಂದ ನಗು.

ಒಂದು ಪಾಲು ಕಪ್ಪಿಗೆ ಮೂರು ಪಾಲು ಕೆಂಪು. ಹೇಳಿದಷ್ಟು ಸುಲಭವೇ? ಕಪ್ಪು ಮಣ್ಣನ್ನು ಮೊಳದುದ್ದ ತೆಗೆದು ಹೊರಗೆ ಹಾಕಬೇಕು, ಕೆಂಪನ್ನು ಹೊತ್ತು ತಂದು ತುಂಬಬೇಕು, ಎರಡನ್ನೂ ತಿರುವಿ ತಿರುವಿ ಬೆರೆಸಬೇಕು. ಅದೂ ನಾಲ್ಕನೇ ತಿಂಗಳ ಮಳೆ ಕಚ್ಚಿಕೊಳ್ಳುವ ಮುಂಚೆ. ಅರ್ಧ ನೆಲ ಸಾಕೆಂದು ಗೆರೆ ಎಳೆದುಕೊಂಡಳು. ದಿನಕ್ಕೆ ಇಪ್ಪತ್ತು ಬುಟ್ಟಿ ಹೊತ್ತಳು. ಬುಟ್ಟಿಯ ಪಟ್ಟಿ ಹೆಗಲ ಮೇಲೆ ಬರೆ ಎಳೆಯಿತು.

ತಮ್ಮನ ಹೆಂಡತಿ ಬ್ಲಿಯಾ ಜಗಲಿಯಲ್ಲಿ ನಿಂತು ನೋಡುತ್ತಿದ್ದಳು. ರಸ್ತೆ ಬದಿಯ ಊರಿನಿಂದ ಬಂದವಳು. ಮಿರಮಿರ ಮಿಂಚುವ ಮಷೀನ್ ಲಂಗ ಉಡುವವಳು. ಅತ್ತೆಗೆ ಸಾವಿನ ಲಂಗ ನೇಯಬೇಕಾದದ್ದು ಸೊಸೆಯ ಪಾಲಿನ ಕೆಲಸವೂ ಹೌದು. ಯಾರೂ ಆ ಮಾತು ಎತ್ತಿರಲಿಲ್ಲ. ಶುವಾಳ ಒಂದೊಂದು ಬುಟ್ಟಿಯೂ ಅದನ್ನೇ ಎತ್ತಿ ಆಡಿದಂತೆ ಬ್ಲಿಯಾಳಿಗೆ ಕೇಳುತ್ತಿತ್ತೋ ಏನೋ.

“ಅತ್ತಿಗೆ, ಊರಲ್ಲಿ ನಗ್ತಿದಾರೆ. ತುವಾನ ಅಕ್ಕಂಗೆ ಹುಚ್ಚು ಹಿಡಿದಿದೆ ಅಂತ.”

“ನಗ್ಲಿ.”

“ಮತ್ತೊಂದು ಮಾತು, ಬೇಜಾರ್ ಮಾಡ್ಕೋಬೇಡಿ. ಹುಂಜ ನಿವಾಳಿಸ್ಕೊಂಡು ಹೊರಗೆ ಹೋದವರು ನೇಯ್ದಿದ್ದು ಈ ಮನೆ ಹಿರೀಕರಿಗೆ ಸಲ್ಲುತ್ತಾ? ಅತ್ತೆಗೆ ಅದನ್ನ ಉಡ್ಸಿ, ನಾಳೆ ನಮ್ಮನೆಗೆ ಏನಾದ್ರೂ ಆದ್ರೆ?”

ಶುವಾ ಬುಟ್ಟಿ ಇಳಿಸಿದಳು. “ಹಂಗಾದ್ರೆ ನೀನು ನೇಯಿ. ಬೀಜ ಕೊಡ್ತೀನಿ, ನೆಲಾನೂ ಕೊಡ್ತೀನಿ.”

ಬ್ಲಿಯಾಳ ಮುಖ ಕೆಂಪಾಯಿತು. ಒಳಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. ಹಲಗೆ ಗೋಡೆಯ ಈಚೆಗೆ ಎಲ್ಲವೂ ಕೇಳಿಸಿತು.

ಹೊರಗೆ ರಾಶಿ ಬಿದ್ದ ಕಪ್ಪು ಮಣ್ಣನ್ನು ಕಂಡ ಮೇಲೆ ನಕ್ಕವರ ಬಾಯಿ ಮುಚ್ಚಿತು. ತೊಟ್ಟಿಯ ಬಳಿ ಕಲ್ಲಿನ ಜೋಕು ಮಾಡಿದವಳೇ ಮೊದಲು ಬಂದಳು.

“ಶುವಕ್ಕಾ, ಅದನ್ನ ಏನ್ಮಾಡ್ತೀಯಾ? ನಮ್ಮ ಜೋಳಕ್ಕೆ ಒಂದೆರಡು ಬುಟ್ಟಿ...”

“ತಗೊಂಡ್ಹೋಗು. ಬರೋವಾಗ ಬುಟ್ಟಿ ಖಾಲಿ ತರ್ಬೇಡ. ನಿಮ್ಮನೆ ಹಿಂದಿನ ಗರಸು ತುಂಬ್ಕೊಂಡು ಬಾ.”

ಹೀಗೆ ಎಂಟು ದಿನ ಜನ ಬಂದರು. ಕೆಂಪು ಸುರಿದು ಕಪ್ಪು ತುಂಬಿಕೊಂಡರು. ಗುಡಿಸಲ ಮುಂದೆ ಇಷ್ಟು ಹೆಜ್ಜೆ ಸದ್ದು ಶುವಾ ಕೇಳಿದ್ದೇ ಇಲ್ಲ. ಮೊದಲ ದಿನ ಆಸೆಪಟ್ಟು ಒಂದು ಪಾತ್ರೆ ಚಹಾ ಕಾಯಿಸಿಟ್ಟಳು. ಯಾರೂ ಒಳಗೆ ಬರಲಿಲ್ಲ. ಹಿರೀಕರ ಪೂಜೆಯ ಗೂಡಿಲ್ಲದ ಮನೆಯಲ್ಲಿ, ಗಂಡ ಬಿಟ್ಟವಳ ಕೈಯಲ್ಲಿ ಕುಡಿಯದಿರಲು ಒಬ್ಬೊಬ್ಬರಿಗೂ ಒಂದೊಂದು ನೆಪವಿತ್ತು: ಮಗು ಅಳುತ್ತಿದೆ, ಹಂದಿಗೆ ಹಾಕಬೇಕು, ಮೋಡ ಆಗಿದೆ. ಸಂಜೆ ಅವಳು ಆರಿದ ಚಹಾವನ್ನು ಒಬ್ಬಳೇ ಕುಡಿದಳು. ಎರಡನೇ ದಿನ ಕಾಯಿಸಲಿಲ್ಲ.

ನಾಲ್ಕನೇ ತಿಂಗಳ ಎರಡನೇ ವಾರ ಉಳಿದ ಬೀಜವೆಲ್ಲ ಬಿತ್ತಿದಳು. ಈ ಸಲ ದಟ್ಟವಾಗಿ, ಗಿಡಗಳ ನಡುವೆ ಬೆಕ್ಕು ಕೂಡ ತೂರದ ಹಾಗೆ. ಮೊಳಕೆ ತಿಳಿಹಸಿರಾಗಿ ಬಂತು. ದಿನಾ ಒಂದು ಎಲೆ ಕಿತ್ತು ಅವ್ವನ ತುಟಿಗೆ ಹಿಡಿಯುತ್ತಿದ್ದಳು. “ಹಸ್ಕೊಂಡಿದೆ,” ಅನ್ನುತ್ತಿದ್ದಳು ಅವ್ವ, ತೃಪ್ತಿಯಿಂದ. ಆರನೇ ತಿಂಗಳ ಕೊನೆಗೆ ಭಂಗಿ ಆಳೆತ್ತರ ಮೀರಿ, ಸಣ್ಣಗೆ, ಕೊಂಬೆಯಿಲ್ಲದೆ ನೆಟ್ಟಗೆ ನಿಂತಿತ್ತು. ಗಾಳಿ ಬಂದರೆ ಎಲ್ಲವೂ ಒಟ್ಟಿಗೇ ಬಾಗಿ ಒಟ್ಟಿಗೇ ಏಳುತ್ತಿದ್ದವು. ಗೆರೆಯ ಆಚೆ, ಕಪ್ಪು ಮಣ್ಣಿನ ಮೂಲೆಯಲ್ಲಿ, ಬಿಟ್ಟ ನಾಲ್ಕರಲ್ಲಿ ಎರಡು ಸತ್ತು, ಗಂಡೊಂದು ಹೂ ಉದುರಿಸಿ ಒಣಗಿ, ಒಂದೇ ಒಂದು ಹೆಣ್ಣು ಗಿಡ ಕೊಡೆ ಬಿಚ್ಚಿದ ಹಾಗೆ ಹರಡಿ ನಿಂತಿತ್ತು.

ಕೊಯ್ದಳು, ಒಣಗಿಸಿದಳು, ಸಿಪ್ಪೆ ಸುಲಿದಳು, ಒರಳಲ್ಲಿ ಕುಟ್ಟಿ ಮೆದು ಮಾಡಿದಳು. ಆಮೇಲೆ ಎಳೆ ಜೋಡಿಸುವ ಕೆಲಸ. ಒಂದು ನಾರಿನ ತುದಿಗೆ ಇನ್ನೊಂದರ ತುದಿ ಇಟ್ಟು ಹೊಸೆದು ಅಂಗೈಗೆ ಸುತ್ತಿಕೊಳ್ಳುತ್ತ ಹೋಗುವುದು. ನಮ್ಮ ಹೆಂಗಸರು ಸಂತೆಗೆ ಹೋಗುವಾಗ, ಬರುವಾಗ, ಕೂತಲ್ಲಿ ನಿಂತಲ್ಲಿ ಹರಟುತ್ತ ಮಾಡುತ್ತಿದ್ದ ಕೆಲಸ ಅದು. ಈಗ ಮಾಡುವವರು ಕಡಿಮೆ. ಶುವಾ ಒಬ್ಬಳೇ ಮಾಡಿದಳು. ಗೋಡೆಗೆ ಬೆನ್ನು ಕೊಟ್ಟು ಕೂತರೆ ಆಚೆಯಿಂದ ಅವ್ವ ಕೇಳುವಳು, “ಎಷ್ಟಾಯ್ತೇ?” ಈಚೆಯಿಂದ ಇವಳು, “ಒಂದು ಉಂಡೆ.” ಸ್ವಲ್ಪ ಹೊತ್ತಾದ ಮೇಲೆ ಮತ್ತೆ, “ಈಗ?” “ಈಗ್ಲೂ ಒಂದೇ ಕಣವ್ವ, ಕೇಳೋಕೆ ನಿನ್ನ ಗಂಟೇನ್ ಹೋಗ್ಬೇಕು!” ಆಚೆ ನಗು, ಕೆಮ್ಮು. ಆ ದಿನಗಳು ಚೆನ್ನಾಗಿದ್ದವು.

ಹತ್ತನೇ ತಿಂಗಳಿಗೆ ಬೂದಿನೀರಲ್ಲಿ ಬೇಯಿಸಿ ಬಿಳಿ ಮಾಡಿದ ನೂಲು ಮಗ್ಗಕ್ಕೆ ಏರಿತು. ಆಚೆಯಿಂದ ಪ್ರಶ್ನೆಗಳು ಕಡಿಮೆಯಾದವು. ಕೆಮ್ಮು ಮಾತ್ರ ಉಳಿಯಿತು, ಅದೂ ಸಣ್ಣದಾಗುತ್ತ. ಹನ್ನೊಂದನೇ ತಿಂಗಳ ಒಂದು ಮಧ್ಯಾಹ್ನ ಶುವಾ ಮಗ್ಗದಿಂದ ಇಳಿಸಿದ ಬಟ್ಟೆಯನ್ನು ಮರದ ಉರುಳೆಗೆ ಸುತ್ತಿ, ಮೇಲೆ ಚಪ್ಪಡಿ ಕಲ್ಲಿಟ್ಟು, ಕಲ್ಲಿನ ಮೇಲೆ ನಿಂತು ಎಡಕ್ಕೆ ಬಲಕ್ಕೆ ತೂಗುತ್ತಿದ್ದಳು. ಉರುಳೆಯ ಗಡಗಡದಲ್ಲಿ ಗೋಡೆಯಾಚೆಯದು ಏನೂ ಕೇಳುತ್ತಿರಲಿಲ್ಲ. ಬಟ್ಟೆ ಹೊಳಪು ಬಂದು ಮೆತ್ತಗಾಗುತ್ತಿತ್ತು. ಇನ್ನು ನೀಲಿ ಅದ್ದಬೇಕು, ನಿರಿಗೆ ಹಿಡಿಯಬೇಕು.

ಢಂ, ಢಂ, ಢಂ. ತಮ್ಮನ ಮನೆಯ ಬಾಗಿಲಲ್ಲಿ ಮೂರು ಸಲ ಬಂದೂಕು ಹಾರಿತು.

ಸಾವಾದರೆ ಊರಿಗೆ ತಿಳಿಸುವುದು ಹಾಗೆ. ಕಣಿವೆಯ ಕೆಳಗಿನವರಿಗೆ ತಿಳಿದಂತೆ, ಎದುರು ಗುಡ್ಡದವರಿಗೆ ತಿಳಿದಂತೆ, ಹಲಗೆ ಗೋಡೆಯ ಈಚೆ ಇದ್ದ ಮಗಳಿಗೂ ಅವ್ವ ಹೋದದ್ದು ಬಂದೂಕಿನಿಂದಲೇ ತಿಳಿಯಿತು. ಯಾರೂ ಬಂದು ಕರೆಯಲಿಲ್ಲ.

ಬಟ್ಟೆಯನ್ನು ಎದೆಗವಚಿಕೊಂಡು ಓಡಿದಳು. ಒಳಗೆ ಅವ್ವನನ್ನು ಮೀಯಿಸಿ ಮಲಗಿಸಿದ್ದರು. ಉಡಿಸಿಯೂ ಆಗಿತ್ತು. ಸಂತೆಯಿಂದ ತಂದ ಹೊಚ್ಚ ಹೊಸ ಮಷೀನ್ ಲಂಗ, ಕೆಂಪು ಹಳದಿ ಹೂವಿನದು, ಅವ್ವನ ಬಡಕಲು ಕಾಲುಗಳ ಮೇಲೆ ಮಿರಮಿರ ಮಿಂಚುತ್ತಿತ್ತು.

“ಯಾರೇ ಇದನ್ನ ಉಡ್ಸಿದ್ದು?” ಶುವಾ ಕಿರುಚಿದ್ದು ರಸ್ತೆಯವರೆಗೆ ಕೇಳಿಸಿತು. “ಬ್ಲಿಯಾ! ಒಂಬತ್ತು ತಿಂಗಳು ನಾನು ಮಣ್ಣು ಹೊತ್ತು, ನೂತು, ನೇಯ್ದಿದ್ದು ನಿನ್ನ ಕಣ್ಣಿಗೆ ಬೀಳ್ಲಿಲ್ವಾ? ಅಷ್ಟು ಹೊಟ್ಟೆಕಿಚ್ಚೇನೇ ನಿಂಗೆ?”

ಬ್ಲಿಯಾ ತಲೆ ತಗ್ಗಿಸಿ ನಿಂತಿದ್ದಳು. ಅವಳ ಕಣ್ಣು ಊದಿದ್ದವು.

“ನಾನಾಗಿ ಉಡ್ಸಿದ್ದಲ್ಲ ಅತ್ತಿಗೆ. ಅತ್ತೆ ನನ್ನ ಕೈ ಹಿಡ್ಕೊಂಡು ಮಾತು ತಗೊಂಡ್ರು. ನಿಮ್ಮನ್ನ ಕರೀತೀನಿ ಅಂದೆ, ಬಿಡ್ಲಿಲ್ಲ. ಅವಳು ಬಂದ್ರೆ ಒಪ್ಪಲ್ಲ, ಮೊದ್ಲು ಉಡ್ಸಿ ಮುಗ್ಸು ಅಂದ್ರು.”

“ಏನ್ ಒಪ್ಪಲ್ಲ?”

“‘ನಂಗೆ ಮಗ ಇದಾನೆ, ಸೊಸೆ ಇದಾಳೆ, ಡೋಲು ಬಾರಿಸ್ತಾರೆ, ದಾರಿ ಹಾಡ್ತಾರೆ. ಹೆಂಗೋ ಹೋಗಿ ಸೇರ್ಕೋತೀನಿ. ಅವಳಿಗೆ ಯಾರಿದಾರೆ? ಅವಳ ಗುರುತಿಗೆ ಇರೋದು ಆ ಬಟ್ಟೆ ಒಂದೇ. ಆ ಲಂಗ ಅವಳಿಗೇ ಇರ್ಲಿ,’ ಅಂದ್ರು.” ಬ್ಲಿಯಾ ಬರಿಗೈಯಿಂದಲೇ ಮೂಗು ಒರೆಸಿಕೊಂಡಳು. “ನಾನು ಹೊಟ್ಟೆಕಿಚ್ಚಿಗೆ ಮಾಡಿದ್ದಲ್ಲ.”

ಅವ್ವ ಲಂಗವನ್ನು ಎರಡನೇ ಸಲ ತೆಗೆದು ಮಗಳ ಪೆಟ್ಟಿಗೆಗೆ ಹಾಕಿದ್ದಳು. ಎಲೆಗಳನ್ನು ತುಟಿಗೆ ತಾಗಿಸಿ ‘ಹಸ್ಕೊಂಡಿದೆ’ ಅನ್ನುವಾಗ, ಗೋಡೆಯಾಚೆಯಿಂದ ‘ಎಷ್ಟಾಯ್ತೇ’ ಎಂದು ಕೇಳುವಾಗ, ಮುದುಕಿ ಮಗಳ ಸಾವಿಗೆ ಲಂಗ ಹೊಂದಿಸುತ್ತಿದ್ದಳು. ಒಂದು ಗಳಿಗೆ ಶುವಾಳ ಕೈ ಬಟ್ಟೆಯನ್ನು ಗಟ್ಟಿಯಾಗಿ ಹಿಡಿಯಿತು. ಸುಳ್ಳೇಕೆ, ಆಸೆಯಾಯಿತು. ಅವ್ವ ಹೇಳಿದ್ದು ನಿಜವೇ ತಾನೆ? ಅವಳು ಸತ್ತ ದಿನ ಬಂದೂಕು ಹಾರಿಸುವವರು ಯಾರು? ಉಡಿಸುವವರು ಯಾರು?

ಬಾಗಿಲ ಬಳಿ ದಾರಿ ಹಾಡುವ ನ್ಯಾ ಅಜ್ಜ ಕೂತಿದ್ದ. ಸತ್ತವರಿಗೆ ಅವರು ಬಾಳಿದ ಮನೆ ಮನೆಯನ್ನೂ ಹೆಸರು ಹಿಡಿದು ಹಾಡಿ, ಹುಟ್ಟಿದಾಗ ಹೊಕ್ಕುಳಬಳ್ಳಿಯ ಜೊತೆ ಬಿದ್ದ ಮಾಸನ್ನು ಹೂತ ಜಾಗದವರೆಗೆ ಕರೆದುಕೊಂಡು ಹೋಗಿ, ಅಲ್ಲಿಂದ ಆಚೆ ದಾಟಿಸುವವನು. ಶುವಾ ಅವನ ಮುಂದೆ ಬಟ್ಟೆ ಬಿಚ್ಚಿ ಹಿಡಿದಳು.

“ಅಜ್ಜ, ಹೊರಗೆ ಹೋದವಳು ನೇಯ್ದಿದ್ದು ಸಲ್ಲುತ್ತಾ ಇಲ್ವಾ, ಹೇಳ್ಬಿಡು.”

ಅಜ್ಜ ಹೆಬ್ಬೆರಳಿಂದ ಬಟ್ಟೆ ತೀಡಿ ನೋಡಿದ. “ಬೀಜ ಯಾರದ್ದು?”

“ಅವ್ವಂದು.”

“ನೆಲ?”

“ಅವ್ವ ಹಾಲು ಕರೀತಿದ್ದ ಕೊಟ್ಟಿಗೇದು. ಬೆರೆಸಿದ ಪಾಲೂ ಅವ್ವ ಹೇಳಿದ್ದೇ.”

“ಮತ್ತೆ ಅವಳದ್ದೇ ಅಲ್ವೇನಮ್ಮ ಇದು? ನಿಂದು ಬರೀ ಕೈ.” ಅಜ್ಜ ಬಾಗಿಲಾಚೆಯ ಬಿಸಿಲು ನೋಡಿದ. “ಆದ್ರೆ ಅವಳು ಬೇಡ ಅಂದಿದಾಳಲ್ಲ.”

“ಅವ್ವಂಗೆ ಮೊದಲಿಂದ್ಲೂ ಇದೇ ಚಾಳಿ,” ಎಂದಳು ಶುವಾ. “ಒಂದ್ಸಲ ಕೊಟ್ಲು, ಬುದ್ಧಿಯಿಲ್ದೆ ಇಸ್ಕೊಂಡು ಹೋದೆ. ಎರಡನೇ ಸಲ ಇಸ್ಕೊಳ್ಳಲ್ಲ. ತೆಗೀರಿ ಆ ಹೂವಿಂದು.”

“ನಿರಿಗೆನೇ ಹಿಡಿದಿಲ್ವಲ್ಲಮ್ಮ.”

“ಸಂಜೆವರೆಗೆ ಕಾಯಿ.”

ನೆಲದ ಮೇಲೆ ಬಟ್ಟೆ ಹಾಸಿ ಕೂತಳು. ನೂರಾರು ನಿರಿಗೆ, ಹೊತ್ತು ಮುಳುಗಲು ಎಷ್ಟು ಹೊತ್ತು? ಅವಸರಕ್ಕೆ ದಾರ ಸೂಜಿಗೆ ಹೋಗಲಿಲ್ಲ. ಯಾರೋ ಸೂಜಿ ಕಸಿದುಕೊಂಡು, ದಾರ ಪೋಣಿಸಿ ಕೊಟ್ಟರು. ಬ್ಲಿಯಾ.

“ನಂಗೆ ಬರಲ್ಲ ಅತ್ತಿಗೆ. ನಮ್ಮವ್ವ ಕಲಿಸ್ಲೇ ಇಲ್ಲ. ಮದುವೆಯಾದಾಗಿಂದ ನಾಚಿಕೆಯಾಗಿ ಯಾರನ್ನೂ ಕೇಳ್ಲಿಲ್ಲ. ಹೆಂಗೆ ಹಿಡೀಬೇಕು ಹೇಳಿ.”

“ಉಗುರಿನಷ್ಟು ಮಡಚು. ಹ್ಞೂಂ. ಅದರ ಮೇಲೆ ಇನ್ನೊಂದು. ಬಿಡ್ಬೇಡ, ಒತ್ಹಿಡಿ.”

ಒಂದು ತುದಿಯಿಂದ ಅವಳು, ಇನ್ನೊಂದು ತುದಿಯಿಂದ ಇವಳು. ಬಟ್ಟೆಗೆ ನೀಲಿ ಇಲ್ಲ, ಕಸೂತಿ ಇಲ್ಲ, ಹೊಲಿಗೆ ಒರಟು. ಬೆಳಕು ಕೆಂಪಾಗುವಾಗ ಇಬ್ಬರ ಸೂಜಿಗಳೂ ನಡುವೆ ಬಂದು ಸೇರಿದವು. ಅವ್ವ ಬಿಳೀ ಲಂಗ ಉಟ್ಟಳು. ನ್ಯಾ ಅಜ್ಜ ಹಾಡು ಎತ್ತಿದ.

ಮಣ್ಣು ಮುಗಿದು, ನೆಂಟರಿಷ್ಟರು ಹೋದ ಮೇಲೆ ಶುವಾ ಗುಡಿಸಲಿಗೆ ಮರಳಿದಳು. ಬೆಳಿಗ್ಗೆ ಒಲೆ ಹಚ್ಚಲು ಕೂತವಳು ಕಾಯುತ್ತಲೇ ಇದ್ದಳು. ಏನನ್ನು ಕಾಯುತ್ತಿದ್ದೇನೆ ಎಂದು ಹೊಳೆದಾಗ ಹೊತ್ತು ನೆತ್ತಿಗೆ ಬಂದಿತ್ತು. ಗೋಡೆಯಾಚೆ ಕೆಮ್ಮು ಇರಲಿಲ್ಲ. ಹುಟ್ಟಿದಾಗ ಅವಳ ಮಾಸನ್ನು ಹೂತದ್ದು ಅದೇ ಗೋಡೆಯ ಆಚೆ, ಅವ್ವನ ಮಂಚದ ಕೆಳಗೆ. ನಾಳೆ ಯಾರಾದರೂ ಅವಳಿಗೆ ದಾರಿ ಹಾಡಿದರೂ, ಹೊಳೆಯಾಚೆ ಸುತ್ತಿಸಿ ಕೊನೆಗೆ ಕರೆತರಬೇಕಾದದ್ದು ಅಲ್ಲಿಗೇ. ಕೈ ಚಾಚಿದರೆ ಸಿಗುವಷ್ಟು ದೂರ. ಅವಳು ಹಲಗೆಯ ಮೇಲೆ ಅಂಗೈ ಇಟ್ಟಳು.

ಮೂಲೆಯ ಒಂಟಿ ಗಿಡ ಸೋರೆಬುರುಡೆ ತುಂಬ ಬೀಜ ಕೊಟ್ಟಿತ್ತು.

ಮುಂದಿನ ಮೂರನೇ ತಿಂಗಳು ಅವಳು ಗೆರೆಯಾಚೆಯ ಕಪ್ಪು ಮಣ್ಣನ್ನು ಹಿಡಿ ಎತ್ತಿ ಮೂಸಿದಳು. ಗಂಜಳದ ಘಾಟು ಹೋಗಿತ್ತು. ಅವ್ವ ಹೇಳಿದಂತೆ ಒಂದು ವರ್ಷದ ಮಳೆಗೆ ತಾನೇ ತಣ್ಣಗಾಗಿತ್ತು. ಆದರೂ ಮೂರು ಒಡಕು ಬಟ್ಟಲು ತಂದಳು: ಬರೀ ಕಪ್ಪು, ಸಮಸಮ, ಎರಡು ಪಾಲು ಕೆಂಪು. ಸಾಸಿವೆ ಉದುರಿಸಿದಳು. ಎಂಟನೇ ದಿನ ಎರಡನೇ ಬಟ್ಟಲಿನ ಎಲೆಗಳು ಎಷ್ಟು ಚೆನ್ನಾಗಿ ಬಂದಿದ್ದವೆಂದರೆ, ಅದನ್ನೆತ್ತಿಕೊಂಡು ಗಡಬಡಿಸಿ ತಮ್ಮನ ಮನೆಯ ಬಾಗಿಲಿಗೆ ಹೋದಳು. ಒಳಗೆ, ಅವ್ವನ ಮಂಚ ಇದ್ದಲ್ಲಿ, ಜೋಳದ ಮೂಟೆಗಳಿದ್ದವು. ಬಟ್ಟಲು ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತುಬಿಟ್ಟಳು.

ಬ್ಲಿಯಾ ಒಲೆಯ ಬಳಿಯಿಂದ ಎದ್ದು ಬಂದಳು. “ಏನ್ ಅತ್ತಿಗೆ?”

“ಏನಿಲ್ಲ.”

ಬ್ಲಿಯಾ ಬಟ್ಟಲನ್ನೂ ಅವಳ ಮುಖವನ್ನೂ ನೋಡಿದಳು. “ಈ ವರ್ಷ ಯಾರಿಗೆ?”

“ನಂಗೆ.”

ಬ್ಲಿಯಾ ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆದಳು. “ನಿರಿಗೆ ಹಿಡಿಯೋವಾಗ ಕರೀರಿ,” ಎಂದಳು. ಒಲೆಯ ಮೇಲಿನದು ಉಕ್ಕುತ್ತಿತ್ತು, ಒಳಗೆ ಹೋದಳು.

ಶುವಾ ಗುಡಿಸಲಿಗೆ ಬಂದು ಗೋಡೆಗೆ ಬೆನ್ನು ಕೊಟ್ಟು ಕೂತಳು. ಒಂದು ಸಾಸಿವೆ ಎಲೆಯನ್ನು ತುಟಿಗೆ ತಾಗಿಸಿ ಅಂಚು ಸವರಿಕೊಂಡಳು. ತೆಳ್ಳಗಿತ್ತು, ಕಾವಿರಲಿಲ್ಲ. “ಹಸ್ಕೊಂಡಿದೆ ಅವ್ವ,” ಎಂದಳು ಗೋಡೆಗೆ ಕೇಳುವಷ್ಟು ಮೆಲ್ಲಗೆ. ಆಮೇಲೆ ಸಸಿಗಳನ್ನೆಲ್ಲ ಕಿತ್ತು, ಮಣ್ಣು ತೊಳೆದು, ಮಧ್ಯಾಹ್ನದ ಜೋಳದ ಹಿಟ್ಟಿನ ಜೊತೆ ತಿಂದಳು.